ಲೋಹಿತಾಶ್ವನನ್ನು ಕೊಂಡವರು

ಗುಲಾಮಗಿರಿಯಂಥ ಕ್ರೂರ ಸಂಗತಿಯನ್ನು ಸಣ್ಣ ಮಕ್ಕಳ ಕತೆಗಳಲ್ಲಿ ತರಬೇಕೆ, ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ನನಗೆ ಈ ಚರ್ಚೆಯೇ ವಿಚಿತ್ರವಾಗಿ ತೋರುತ್ತದೆ. ಯಾಕೆಂದರೆ ಆ ಸಂಗತಿಯನ್ನು ನಾವು ತಲೆಮಾರುಗಳಿಂದ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಸತ್ಯ ಹರಿಶ್ಚಂದ್ರನ ಕತೆ ಮತ್ತೇನು? ಸಾಲ ತೀರಿಸುವುದಕ್ಕಾಗಿ ರಾಜನೊಬ್ಬ ಹೆಂಡತಿಯನ್ನೂ ಮಗನನ್ನೂ ಕಾಶಿಯ ಬೀದಿಯಲ್ಲಿ ಮಾರುತ್ತಾನೆ. ಬ್ರಾಹ್ಮಣನೊಬ್ಬ ಅವರನ್ನು ಕೊಳ್ಳುತ್ತಾನೆ. ರಾಜ ತನ್ನನ್ನೂ ಮಾರಿಕೊಂಡು ವೀರಬಾಹುಕನ ಸುಡುಗಾಡು ಕಾಯುತ್ತಾನೆ. ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿಯ ನಮ್ಮ ಗಡಿಸೀಮೆಯಲ್ಲಿ ಕನ್ನಡದವರಿಗೂ ಮರಾಠಿಯವರಿಗೂ ಇದು ಗೊತ್ತಿರುವ ಕತೆ. 1913ರಲ್ಲಿ ಫಾಲ್ಕೆಯವರು ತೆಗೆದ ಮೂಕಚಿತ್ರವೂ ಇದೇ.

ಇದನ್ನು ಹೇಳಿ ಮುಗಿಸಿದ ಮೇಲೆ ಮಕ್ಕಳಿಗೆ ನಾವು ಒಪ್ಪಿಸುವ ನೀತಿ ಒಂದೇ: ಸತ್ಯವನ್ನು ಬಿಡಬಾರದು. ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಮಗು ಅಳುತ್ತದೆ. ಆದರೆ ಅವನನ್ನು ಕೊಂಡವರು ಯಾರು, ಹುಡುಗನೊಬ್ಬನಿಗೆ ಬೆಲೆ ಕಟ್ಟುವ ಊರು ಎಂಥದು ಎಂದು ಕೇಳಲು ನಾವು ಕಲಿಸುವುದಿಲ್ಲ. ನಮ್ಮ ಕಣ್ಣೀರೆಲ್ಲ ರಾಜ ಆಳಾದನಲ್ಲ ಎಂಬುದಕ್ಕೆ. ಮೊದಲಿನಿಂದಲೂ ಆಳಾಗಿಯೇ ಇದ್ದವರಿಗೆ ಆ ಕಣ್ಣೀರಿನಲ್ಲಿ ಪಾಲಿಲ್ಲ. ಕೊನೆಗೆ ಶಿವ ಪ್ರತ್ಯಕ್ಷನಾಗುತ್ತಾನೆ, ರಾಜ್ಯ ಮರಳಿ ಬರುತ್ತದೆ. ಸುಡುಗಾಡು ಕಾಯುವ ಕೆಲಸ ಮಾತ್ರ ಹಿಂದಿನವರಿಗೇ ಉಳಿಯುತ್ತದೆ.

ರಾಘವಾಂಕನನ್ನು ಈ ತಪ್ಪಿಗೆ ಹಿಡಿಯುವಂತಿಲ್ಲ. 13ನೆಯ ಶತಮಾನದ ಆ ಕವಿ ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರನ್ನು ರಾಜನ ಎದುರು ನಿಲ್ಲಿಸಿದ್ದಾನೆ. ಅವರ ಹಾಡು ರಾಜನ ಕಿವಿಗೆ ಹಿತವಾಗಿದೆ, ಅವರ ರೂಪ ಕಣ್ಣಿಗೆ ಹಿತವಾಗಿದೆ. ತಮ್ಮನ್ನು ಮದುವೆಯಾಗೆಂದಾಗ ಮಾತ್ರ ಅವನಿಗೆ ಕುಲ ನೆನಪಾಗುತ್ತದೆ. ಕೇಳಿದ ಕಿವಿಗೆ, ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ರಾಜ ಅವರನ್ನು ಹೊಡೆಸಿ ಅಟ್ಟುತ್ತಾನೆ. ಅಸ್ಪೃಶ್ಯತೆ ಎಂದರೇನೆಂದು ಹತ್ತು ವರ್ಷದ ಹುಡುಗನಿಗೂ ತಿಳಿಯುವಂಥ ಪ್ರಸಂಗ ಇದು. ನಾನು ನೋಡಿದ ಮಕ್ಕಳ ಪುಸ್ತಕಗಳಲ್ಲಿ ಈ ವಾದವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಸುಡುಗಾಡು, ಹಾವು, ಎತ್ತಿದ ಕತ್ತಿ ಮಕ್ಕಳಿಗೆ ನಡೆಯುತ್ತವೆ. ಹೆಣ್ಣುಮಕ್ಕಳಿಬ್ಬರ ಪ್ರಶ್ನೆ ನಡೆಯುವುದಿಲ್ಲ!

ಇನ್ನೊಂದು ದೋಷ, ಅನ್ಯಾಯವನ್ನು ದೂರದ ದೇಶಕ್ಕೆ ಸಾಗಹಾಕುವುದು. ಗುಲಾಮರೆಂದರೆ ಅಮೆರಿಕದ ಹತ್ತಿ ಹೊಲದಲ್ಲಿ ದುಡಿದ ಕರಿಯರು ಎಂದು ನಮ್ಮ ಮಕ್ಕಳು ಕಲಿಯುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ, ಅದರಾಚೆ ಹಳಿಯಾಳ, ಯಲ್ಲಾಪುರಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ತಂದು ಮಾರಿದ ಗುಲಾಮರ ವಂಶದವರು ಅವರಲ್ಲಿದ್ದಾರೆ. ಕನ್ನಡ, ಕೊಂಕಣಿ ಮಾತಾಡುವ ಈ ನೆರೆಯವರನ್ನು ನಮ್ಮ ಹುಡುಗರು ಬೆರಗಿನಿಂದ ನೋಡುತ್ತಾರೆಯೇ ಹೊರತು ಅವರ ಚರಿತ್ರೆಯನ್ನು ಅರಿಯರು.

ಹಾಗಾದರೆ ಹೇಳುವುದು ಹೇಗೆ? ನನಗೆ ತಿಳಿದಂತೆ ಅತ್ಯುತ್ತಮ ಮಾದರಿ ಅಂಬೇಡ್ಕರರು ಬರೆದಿಟ್ಟ ತಮ್ಮ ಬಾಲ್ಯದ ಒಂದು ಪ್ರಯಾಣ. ಕುಡಚಿ, ರಾಯಬಾಗದಿಂದ ಮಿರಜ ದಾಟಿ ಪುಣೆಗೆ ಹೋಗುವ ರೈಲುದಾರಿಯಲ್ಲಿ ಮಸೂರ ಎಂಬ ನಿಲ್ದಾಣವಿದೆ. 1901ರಲ್ಲಿ ತಂದೆಯನ್ನು ಕಾಣಲು ಹೊರಟ ಹುಡುಗರು ಒಳ್ಳೆಯ ಬಟ್ಟೆ ತೊಟ್ಟು ಅಲ್ಲಿ ಇಳಿಯುತ್ತಾರೆ. ಸ್ಟೇಷನ್ ಮಾಸ್ತರ ಅಕ್ಕರೆಯಿಂದ ವಿಚಾರಿಸುತ್ತಾನೆ. ಮಹಾರರೆಂದು ಕೇಳಿದೊಡನೆ ಮುಖ ಬೇರೆಯಾಗುತ್ತದೆ. ಗಾಡಿಯವರು ಒಲ್ಲೆನ್ನುತ್ತಾರೆ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಗಾಡಿಯನ್ನು ಹುಡುಗರೇ ಹೊಡೆಯಬೇಕು. ಬುತ್ತಿ ಜೊತೆಗಿದ್ದರೂ ಕುಡಿಯಲು ನೀರು ಸಿಗದೆ ರಾತ್ರಿ ಉಪವಾಸ ಮಲಗುತ್ತಾರೆ.

ಇಲ್ಲಿ ರಾಕ್ಷಸರಾರೂ ಇಲ್ಲ. ಎಲ್ಲರೂ ನಾವು ದಿನಾ ಕಾಣುವಂಥ ಮನುಷ್ಯರು. ಮೈಲಿಗೆಗೆ ಹೆದರುವವನಿಗೆ ಅದೇ ಮೈಲಿಗೆಯ ಹೆಚ್ಚಿನ ಬಾಡಿಗೆ ಬೇಡವಾಗುವುದಿಲ್ಲ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಬಾಯಾರಿಕೆ ಏನೆಂದು ಯಾವ ಮಗುವಿಗೂ ಯಾರೂ ವಿವರಿಸಬೇಕಿಲ್ಲ. ಅಮೆರಿಕದಲ್ಲಿ ಜೂಲಿಯಸ್ ಲೆಸ್ಟರ್ 1968ರಲ್ಲಿ ಎಳೆಯರಿಗಾಗಿ ಗುಲಾಮಗಿರಿಯ ಪುಸ್ತಕ ಮಾಡಿದಾಗ, ಗುಲಾಮರಾಗಿದ್ದವರ ಸ್ವಂತ ಮಾತುಗಳನ್ನೇ ಆಯ್ದು ಜೋಡಿಸಿದರು. ಎರಡರ ಹಾದಿಯೂ ಒಂದೇ: ಉಂಡವನು ಹಸಿವಿನ ಕತೆ ಹೇಳಬಾರದೆಂದಲ್ಲ, ಹಸಿದವನ ಮಾತು ಮೊದಲು ಕೇಳಬೇಕು.

ಶಿಕ್ಷಕರ ಒಂದು ಆತಂಕವನ್ನು ಮಾತ್ರ ಹಗುರಾಗಿ ಕಾಣುವಂತಿಲ್ಲ. ಹಳ್ಳಿಯ ತರಗತಿಯಲ್ಲಿ ಯಾರು ಯಾವ ಓಣಿಯವರೆಂದು ಎಲ್ಲರಿಗೂ ಗೊತ್ತು. ಇಂಥ ಪಾಠ ಓದಿದಾಗ ಉಳಿದ ಹುಡುಗರು ಒಬ್ಬನ ಕಡೆ ತಿರುಗಿ ನೋಡುತ್ತಾರೆ, ಅವನು ತಲೆ ತಗ್ಗಿಸುತ್ತಾನೆ. ನಿಜ. ಆದರೆ ಅದು ಕತೆ ಹೇಳಿದ್ದರಿಂದ ಆದದ್ದಲ್ಲ, ಅರ್ಧ ಹೇಳಿದ್ದರಿಂದ ಆದದ್ದು. ಬಾಯಾರಿದವರನ್ನು ಬರೀ ಪಾಪದವರನ್ನಾಗಿ ತೋರಿಸಿ ನಿಲ್ಲಿಸಿದರೆ ನಾಚಿಕೆ ಅವರ ಪಾಲಿಗೇ ಬರುತ್ತದೆ. ನೀರು ಕೊಡದವನು ನಾಚಬೇಕಾದ ಹಾಗೆ ಹೇಳುವುದೇ ಕತೆಗಾರನ ಕೆಲಸ. ಇಂಥ ಕತೆಗಳಿಗೆ ನಾನು ಒಡ್ಡುವ ಪರೀಕ್ಷೆ ಇದೊಂದೇ.

ಉಳಿದರ್ಧ ಕತೆ ನಮ್ಮ ಹತ್ತಿರವೇ ಇದೆ. ಮಸೂರದಲ್ಲಿ ಇಳಿದ ಆ ಹುಡುಗ ಬ್ಯಾರಿಸ್ಟರನಾಗಿ 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು, ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದು ಬೊಗಸೆಯಲ್ಲಿ ನೀರು ಕುಡಿದರು. ಇಲ್ಲಿ ಯಾವ ದೇವರೂ ಪ್ರತ್ಯಕ್ಷನಾಗಲಿಲ್ಲ, ಜನ ತಾವೇ ನಡೆದುಹೋದರು. ಹರಿಶ್ಚಂದ್ರನ ಕತೆಯನ್ನೂ ಮಕ್ಕಳಿಗೆ ಹೇಳೋಣ. ಆ ಇಬ್ಬರು ಹೆಣ್ಣುಮಕ್ಕಳ ಪ್ರಶ್ನೆಯನ್ನು ಅದಕ್ಕೆ ಮರಳಿ ಸೇರಿಸಿ ಹೇಳೋಣ. ಉತ್ತರವನ್ನು ನಾವು ಅವಸರದಿಂದ ಕೊಡುವುದು ಬೇಡ.