ಅಡಿಗೆಮನೆಗೆ ಬಂದ ಸಸ್ಯಶಾಸ್ತ್ರಿ

ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಪುಸ್ತಕದ ಹೆಸರು ಕೇಳಿದವರು ಮೊದಲು ನಗುತ್ತಾರೆ. ನಕ್ಕವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುವುದೇ ಆ ಹೆಸರಿನ ಜಾಣತನ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸೀಬೆ, ಪರಂಗಿ, ಗೋಡಂಬಿ ಇವೆಲ್ಲ ನಾವು ಬೆಳಗಾದರೆ ಹೆಚ್ಚುವ, ಹುರಿಯುವ, ರುಬ್ಬುವ ಪದಾರ್ಥಗಳು. ಎಲ್ಲವೂ ಸಮುದ್ರ ದಾಟಿ ಬಂದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿಳಿದ ಮೇಲೆ ಒಂದೊಂದಾಗಿ ನಮ್ಮ ಹಿತ್ತಿಲು ಸೇರಿದವು. ಅದಕ್ಕೆ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು. ಕರಾವಳಿಯವರು ಅದನ್ನು ಇಂದಿಗೂ 'ಒಳ್ಳೆಮೆಣಸು' ಎನ್ನುತ್ತಾರೆ. ಆಲೂಗಡ್ಡೆಗೆ ಕೆಲವು ಕಡೆ ಹೇಳುವ 'ಬಟಾಟೆ' ಪೋರ್ಚುಗೀಸರ ಬಾಯಿಂದಲೇ ಬಂದ ಮಾತು. ಪರಂಗಿ ಹಣ್ಣಂತೂ ತಾನು ಪರಂಗಿಯವರ ಕಡೆಯದೆಂದು ಹೆಸರಿನಲ್ಲೇ ಒಪ್ಪಿಕೊಂಡುಬಿಟ್ಟಿದೆ. ಸೀತಾಫಲದ ಧೈರ್ಯ ನೋಡಿ, ಅದೂ ಅಮೆರಿಕಾ ಖಂಡದ್ದೇ, ಆದರೆ ಸೀತಮ್ಮನ ಹೆಸರಿಟ್ಟುಕೊಂಡು ನಮ್ಮದಾಗಿಬಿಟ್ಟಿತು.

ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಾರ್ವರ್ಡಿನಲ್ಲಿ ಬೈಲಿ ಎಂಬ ದೊಡ್ಡ ಸಸ್ಯವಿಜ್ಞಾನಿಯ ಜೊತೆ ಕೆಲಸ ಮಾಡಿ ಬಂದವರು. ಅಷ್ಟು ದೊಡ್ಡ ಪಂಡಿತರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಕಥೆಯನ್ನು 'ಹಸಿರು ಹೊನ್ನು' ಎಂದು ಕನ್ನಡದಲ್ಲಿ ಬರೆದರು, ಚಿತ್ರಗಳನ್ನೂ ತಾವೇ ಬಿಡಿಸಿದರು. 1976ರ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ!

ನಾನು ಬಿ.ಎ., ಬಿ.ಎಡ್. ಮಾಡಿದವಳು. ಶಾಲೆಯಲ್ಲಿ ಹೇಳುವುದು ಕನ್ನಡ ಮತ್ತು ಸಮಾಜ. ವಿಜ್ಞಾನದ ವಿಷಯ ಮಾತಾಡಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಅಧಿಕಾರವಿಲ್ಲದವರಿಗೆ ಅರ್ಥವಾಗಲಿ ಎಂದೇ ಬರೆದ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ನಮ್ಮಂಥವರಲ್ಲದೆ ಬೇರೆ ಯಾರು ಹೇಳಬೇಕು?

ವಿಶ್ವವಿದ್ಯಾನಿಲಯದವರು ಜನರ ಬಳಿಗೆ ಹೋಗಬೇಕೆಂಬ ಆಸೆ ನಮ್ಮಲ್ಲಿ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಹೆಚ್ಚು ದಿನ ನಡೆಯಲಿಲ್ಲ ನಿಜ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಹಳ್ಳಿ ಪಟ್ಟಣಗಳಿಗೆ ಅಧ್ಯಾಪಕರನ್ನು ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು, ಅವನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಶಿವರಾಮ ಕಾರಂತರು ಕಾಲೇಜು ಬಿಟ್ಟು ಬಂದವರು. ಆದರೂ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದು, ಕಾಲೇಜಿನಲ್ಲಿ ಕುಳಿತವರು ಮಾಡಬೇಕಾಗಿದ್ದ ಕೆಲಸ ಮಾಡಿದರು. 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಉಪನ್ಯಾಸ ಏರ್ಪಡಿಸುವ ಪದ್ಧತಿ ಹಾಕಿದರು. ಇವರೆಲ್ಲರ ಬಗ್ಗೆ ನನಗೆ ಗೌರವ. ಆದರೂ ಉಪನ್ಯಾಸ ಎಂಬುದರ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಒಬ್ಬರಿಗೆ ಬಾಯಿ, ಉಳಿದವರಿಗೆ ಬರೀ ಕಿವಿ.

ನಮ್ಮ ಊರಿನಲ್ಲಿ ನಡೆದ ಒಂದು ಕಾರ್ಯಕ್ರಮ ಹೇಳುತ್ತೇನೆ. ಆಹಾರ ಮತ್ತು ಆರೋಗ್ಯದ ಬಗ್ಗೆ ಮಾತಾಡಲು ದೊಡ್ಡ ಸಂಸ್ಥೆಯೊಂದರಿಂದ ಸಂಶೋಧಕರು ಬಂದಿದ್ದರು. ಹೆಸರು ಬೇಡ, ಸಜ್ಜನರು. ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರ, ಎಲ್ಲದರಲ್ಲೂ ಇಂಗ್ಲಿಷು. ಮುಕ್ಕಾಲು ಗಂಟೆಯಾದ ಮೇಲೆ "ಏನಾದರೂ ಪ್ರಶ್ನೆ ಇದ್ದರೆ ಕೇಳಿ" ಎಂದರು. ಮಹಿಳಾ ಸಮಾಜದ ಅರವತ್ತು ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತೆವು. ಜನಕ್ಕೆ ವಿಜ್ಞಾನದಲ್ಲಿ ಆಸಕ್ತಿಯೇ ಇಲ್ಲವೆಂದು ಅವರಿಗೆ ಬೇಸರವಾಗಿರಬೇಕು. ಆದರೆ ನನ್ನ ಪಕ್ಕದಲ್ಲಿದ್ದ ಹೆಂಗಸು ಕಿವಿಯ ಹತ್ತಿರ ಬಂದು, "ಅಲ್ಲ ಟೀಚರ್, ಕಾಳು ಬೇಗ ಬೇಯಲಿ ಅಂತ ಸೋಡ ಹಾಕ್ತೀವಲ್ಲ, ಸತ್ವ ಹೋಗಿಬಿಡತ್ತಾ?" ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಸೋಡ ಬಿದ್ದ ನೀರಿನಲ್ಲಿ ಬೆಂದರೆ ಬಿ-ಒಂದು ಜೀವಸತ್ವ ನಾಶವಾಗುತ್ತದೆ. ಉತ್ತರ ಗೊತ್ತಿದ್ದವರು ವೇದಿಕೆಯ ಮೇಲೇ ಇದ್ದರು. ನೀವೇ ಕೇಳಿ ಎಂದು ನಾನು ಎಷ್ಟು ಹೇಳಿದರೂ ಆಕೆ ಏಳಲಿಲ್ಲ. ಮುಕ್ಕಾಲು ಗಂಟೆ ಇಂಗ್ಲಿಷು ನೋಡಿದ ಮೇಲೆ ಸೋಡಾಪುಡಿಯ ಮಾತೆತ್ತಲು ಯಾರಿಗೆ ಧೈರ್ಯ ಬರುತ್ತದೆ? ಆಮೇಲೆ ವಂದನಾರ್ಪಣೆ, ಕಾಫಿ.

ಆ ಸಂಶೋಧಕರು ಮೊದಲು "ನೀವು ಕಾಳು ಹೇಗೆ ಬೇಯಿಸುತ್ತೀರಿ, ಹೇಳಿ" ಎಂದು ಕೇಳಿದ್ದರೆ ಸಭೆ ಮುಗಿಸುವುದೇ ಕಷ್ಟವಾಗುತ್ತಿತ್ತು. ಸ್ವಾಮಿಯವರಿಗೆ ಈ ಗುಟ್ಟು ಗೊತ್ತಿತ್ತು. ಅವರು ಓದುಗರ ತಲೆಯ ಕಡೆಯಿಂದ ಬರುವುದಿಲ್ಲ, ಹೊಟ್ಟೆಯ ಕಡೆಯಿಂದ ಬರುತ್ತಾರೆ. ನಮಗೆ ಗೊತ್ತಿರುವುದರಿಂದ ಶುರುಮಾಡಿ, ಗೊತ್ತಿಲ್ಲದ ಕಡೆಗೆ ನಾಲ್ಕು ಹೆಜ್ಜೆ ಹಾಕಿಸುತ್ತಾರೆ. ಲ್ಯಾಟಿನ್ ಹೆಸರುಗಳನ್ನು ಮುಚ್ಚಿಡುವುದಿಲ್ಲ, ನಡುವೆ ಹಳೆಯ ಕಾವ್ಯಗಳ ಮಾತೂ ಬರುತ್ತದೆ. ಕೆಲವು ಪುಟಗಳು ನನಗೆ ಈಗಲೂ ಕಷ್ಟವೇ. ಆದರೂ 'ನಿಮಗೆ ಇಷ್ಟು ಸಾಕು' ಎಂಬ ಧಾಟಿ ಅವರಲ್ಲಿಲ್ಲ. ಜನಪ್ರಿಯ ವಿಜ್ಞಾನ ಎಂದು ಬರೆಯುವವರು ಅನೇಕರು ನಮ್ಮನ್ನು ಮೂರನೆಯ ತರಗತಿಯ ಮಕ್ಕಳಂತೆ ನೋಡುತ್ತಾರೆ. ಮೂರನೆಯ ತರಗತಿಯ ಮಕ್ಕಳನ್ನೂ ಹಾಗೆ ನೋಡಬಾರದು, ಅದು ಬೇರೆ ಮಾತು.

ಕೇಳದೆ ಹೇಳುವುದರಿಂದ ನಷ್ಟವಾಗುವುದು ಕಾಳಿನ ಸತ್ವ ಒಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೆ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹೊಸ ವೈರಸ್ಸನ್ನು ಗುರುತಿಸಿ, ಅದು ಉಣುಗಿನ ಕಡಿತದಿಂದ ಹರಡುತ್ತದೆಂದು ಕಂಡುಹಿಡಿದರು. ದೊಡ್ಡ ಕೆಲಸ. ಆದರೆ ಮಂಗ ಸಾಯುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ಇರುವ ನಂಟು 'ಮಂಗನ ಕಾಯಿಲೆ' ಎಂದು ಜನ ಕರೆದ ಹೆಸರಿನಲ್ಲೇ ಇದೆ. ಈಗಲೂ ಸತ್ತ ಮಂಗ ಕಂಡರೆ ತಿಳಿಸಿ ಎಂದು ಆರೋಗ್ಯ ಇಲಾಖೆ ಕೇಳುವುದು ಅದೇ ಜನರನ್ನು. ಅವರ ಕಣ್ಣಿಲ್ಲದೆ ಈ ವಿಜ್ಞಾನ ನಡೆಯುವುದಿಲ್ಲ.

ಅದೇ ಜನರಿಗೆ 'ಕಾಡಿಗೆ ಹೋಗಬೇಡಿ' ಎಂಬ ಬುದ್ಧಿಮಾತನ್ನೂ ಹೇಳಲಾಗುತ್ತದೆ. ಕಾಯಿಲೆ ಜೋರಾಗುವುದು ಚಳಿಗಾಲ ಕಳೆದು ಬೇಸಿಗೆ ಹತ್ತುವ ತಿಂಗಳುಗಳಲ್ಲಿ. ಮಲೆನಾಡಿನ ಹೆಂಗಸರು ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವುದೂ ಆಗಲೇ. ತರಗೆಲೆಯಿಲ್ಲದೆ ಕೊಟ್ಟಿಗೆಯಿಲ್ಲ, ಕೊಟ್ಟಿಗೆಯಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಹೋಗಬೇಡಿ ಎನ್ನುವವರು ಅವಳ ಜೊತೆ ಒಂದು ದಿನ ಹೋಗಿ, ಎಲ್ಲಿ ಗುಡಿಸುತ್ತಾಳೆ, ಏನು ಉಟ್ಟುಕೊಳ್ಳುತ್ತಾಳೆ, ಮನೆಗೆ ಬಂದು ಮೊದಲು ಏನು ಮಾಡುತ್ತಾಳೆ ಎಂದು ನೋಡಿಬಂದರೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಿ ಎಂದು ಕೊಡುವ ಎಣ್ಣೆಯನ್ನು ಅವಳು ಯಾಕೆ ಹಚ್ಚಿಕೊಳ್ಳುತ್ತಾಳೆ ಅಥವಾ ಯಾಕೆ ಮೂಲೆಗಿಡುತ್ತಾಳೆ ಎಂಬುದೂ ತಿಳಿದೀತು. ಇದು ಜೀವದ ಪ್ರಶ್ನೆ.

ಸ್ವಾಮಿಯವರಲ್ಲೂ ನನಗೊಂದು ಕೊರತೆ ಕಾಣುತ್ತದೆ, ಹೇಳಿಬಿಡುತ್ತೇನೆ. ಅವರ ಪುಸ್ತಕದ ಹೆಸರಿನಲ್ಲಿ ಹೊಟ್ಟೆ ಇದೆ, ಕೈಯಿಲ್ಲ. ದಕ್ಷಿಣ ಅಮೆರಿಕಾವನ್ನು ಹೊಟ್ಟೆಗಿಳಿಸಿದವರು ಯಾರು? ಹೊಸ ಕಾಯಿಯನ್ನು ಮೊದಲ ಸಲ ಒಗ್ಗರಣೆಗೆ ಹಾಕಿ ನೋಡಿದವಳು, ಮನೆಯವರ ಮುಖ ನೋಡಿ ಮಾರನೆಯ ದಿನ ಒಂದು ಕಡಿಮೆ ಹಾಕಿದವಳು ಯಾರು? ಇದು ಶಾಸನದಲ್ಲಾಗಲಿ ಕಾವ್ಯದಲ್ಲಾಗಲಿ ಸಿಗುವಂಥದಲ್ಲ, ಸಿಕ್ಕರೆ ಅಡಿಗೆಮನೆಯ ರೂಢಿಯಲ್ಲಿ ಸಿಗಬೇಕು. ಶ್ರಾದ್ಧ ಮಾಡುವ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಸೇರಿಸುವುದಿಲ್ಲ, ಖಾರಕ್ಕೆ ಕಾಳುಮೆಣಸೇ ಆಗಬೇಕು. ನಮ್ಮ ಅತ್ತೆಯವರು ಮಡಿ ಎಂದು ಪಾಲಿಸಿಕೊಂಡು ಬಂದದ್ದು, ಐನೂರು ವರ್ಷಗಳ ಹಿಂದಿನ ಊಟದ ಎಲೆ ಹೇಗಿತ್ತೆಂಬುದರ ದಾಖಲೆ. ಸಂಕ್ರಾಂತಿಯ ಎಳ್ಳಿಗೆ ಮಾತ್ರ ಕಡಲೆಕಾಯಿ ಬೀಜ ಯಾವಾಗಲೋ ಬಂದು ಸೇರಿಕೊಂಡಿತು, ಯಾರೂ ಬೇಡ ಎನ್ನಲಿಲ್ಲ.

ಇದನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿ, ಹಬ್ಬಕ್ಕೆ, ವ್ರತಕ್ಕೆ, ತಿಥಿಗೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮನೆಯ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದಿದ್ದೆ. ಪಟ್ಟಿಗಳು ಬಂದವು, ಒಂದರಂತೆ ಒಂದಿಲ್ಲ. ತಂದೆಗೆ ವರ್ಗವಾಗಿ ಧಾರವಾಡದ ಕಡೆಯಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಮ್ಮ ಮನ್ಯಾಗ ಉಪವಾಸಕ್ಕ ಶೇಂಗಾ, ಸಾಬೂದಾಣಿ, ಬಟಾಟಿ, ಗೆಣಸು ತಿಂತೀವ್ರಿ. ಅವೂ ಅಮೆರಿಕಾದವ ಅಲ್ಲೇನ್ರಿ? ತಿಥಿಗೆ ನಡಿಯೂದಿಲ್ಲ, ಉಪವಾಸಕ್ಕ ಹೆಂಗ ನಡೀತಾವ್ರಿ?"

ಗೆಣಸೂ ಅಲ್ಲಿಯದೇ, ಸಾಬೂದಾಣಿ ಮಾಡುವ ಮರಗೆಣಸೂ ಅಲ್ಲಿಯದೇ. ಹುಡುಗಿಯ ಲೆಕ್ಕ ಸರಿಯಾಗಿತ್ತು. ಉಪವಾಸದಲ್ಲಿ ಅಕ್ಕಿ ಗೋಧಿಯಂಥ ಧಾನ್ಯ ಬಿಡಬೇಕು, ಹೊಸದಾಗಿ ಬಂದ ಗೆಡ್ಡೆಗಳು ಧಾನ್ಯವಲ್ಲವಾದ್ದರಿಂದ ಒಳಗೆ ನುಸುಳಿದವೇನೋ ಎಂದೆ. ಅವಳಿಗೆ ಅರ್ಧ ಒಪ್ಪಿಗೆಯಾಯಿತು, ನನಗೂ ಅಷ್ಟೇ. ಮೂವತ್ತೆಂಟು ಅಜ್ಜಿಯರ ಪಟ್ಟಿಗಳನ್ನು ದಾರ ಹಾಕಿ ಕಟ್ಟಿ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟಿದ್ದೇನೆ. ಯಾವ ವಿಶ್ವವಿದ್ಯಾನಿಲಯದವರಾದರೂ ಬಂದು ನೋಡಬಹುದು. ಭಾನುವಾರ ಬಿಟ್ಟು ಉಳಿದ ದಿನ ನಾನು ಶಾಲೆಯಲ್ಲೇ ಇರುತ್ತೇನೆ.