ಮೂರು ಲೆಕ್ಕಗಳು ಮತ್ತು ಮರೆತ ಪರಿಮಾಣ

ವಾಣಿಜ್ಯವು ಜೈನ ಶ್ರಾವಕರಿಗೆ ಹೊಸತಲ್ಲ. ವಾಣಿಜ್ಯದಲ್ಲಿ ಒದಗುವ ಹಿಂಸೆಯ ವಿಚಾರವೂ ಹೊಸತಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ನಮ್ಮ ಪರಂಪರೆ, ಗೃಹಸ್ಥನು ಉದ್ಯೋಗೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನೆಂಬುದನ್ನು ಒಪ್ಪಿಕೊಂಡಿತು. ಆದರೆ ಅದಕ್ಕೊಂದು ಎಲ್ಲೆಯನ್ನೂ ವಿಧಿಸಿತು. ಹಿಂದೆ ಈ ವಿವೇಕವನ್ನು ಮಕ್ಕಳು ಅಂಗಡಿಯಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದರು. ಇಂದು ನಮ್ಮ ಮನೆಗಳ ಎಷ್ಟೋ ಯುವಕ ಯುವತಿಯರು ಅದನ್ನು ಎಂ.ಬಿ.ಎ. ತರಗತಿಯಲ್ಲಿ 'ಸುಸ್ಥಿರ ಉದ್ಯಮ' ಎಂಬ ಹೆಸರಿನಲ್ಲಿ ಕಲಿಯುತ್ತಿದ್ದಾರೆ. ಆ ಪಾಠವು ಏನನ್ನು ಕಲಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂದು ಪರಿಶೀಲಿಸುವುದು ನಮ್ಮ ಕರ್ತವ್ಯವೇ ಆಗಿದೆ.

ಈ ಪಾಠದ ಮುಖ್ಯ ಆಧಾರಗಳಲ್ಲಿ ಒಂದು 'ಟ್ರಿಪಲ್ ಬಾಟಮ್ ಲೈನ್' ಎಂಬ ಪರಿಕಲ್ಪನೆ. ಇಂಗ್ಲೆಂಡಿನ ಜಾನ್ ಎಲ್ಕಿಂಗ್ಟನ್ ಅವರು ಇದನ್ನು 1994ರಲ್ಲಿ ರೂಪಿಸಿ, 1997ರ ತಮ್ಮ 'ಕ್ಯಾನಿಬಲ್ಸ್ ವಿತ್ ಫೋರ್ಕ್ಸ್' ಗ್ರಂಥದಲ್ಲಿ ವಿಸ್ತರಿಸಿದರು. ಲಾಭದ ಲೆಕ್ಕವೊಂದೇ ಸಾಲದು. ಜನರ ಲೆಕ್ಕ, ಭೂಮಿಯ ಲೆಕ್ಕಗಳನ್ನೂ ಉದ್ಯಮವು ಒಪ್ಪಿಸಬೇಕೆಂಬುದು ಅದರ ಸಾರ. ಈ ವಿಚಾರದಿಂದ ಉಪಕಾರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಕಾರ್ಮಿಕನ ಆರೋಗ್ಯ, ಹರಿದುಹೋಗುವ ಕೊಳಚೆನೀರು ಮುಂತಾದ ಸಂಗತಿಗಳು ಆಡಳಿತ ಮಂಡಳಿಯ ಮೇಜಿನ ಮೇಲೆ ಬಂದುದರಲ್ಲಿ ಅದರ ಪಾಲೂ ಇದೆ.

ಆದರೆ 2018ರಲ್ಲಿ ಸ್ವತಃ ಎಲ್ಕಿಂಗ್ಟನ್ ಅವರೇ, ದೋಷವಿರುವ ಸರಕನ್ನು ತಯಾರಕನು ಹಿಂದಕ್ಕೆ ಕರೆಸಿಕೊಳ್ಳುವಂತೆ, ತಮ್ಮ ಪರಿಕಲ್ಪನೆಯನ್ನು ಮರುಪರಿಶೀಲನೆಗೆ ಹಿಂದಕ್ಕೆ ಕರೆದರು. ಉದ್ಯಮದ ಸ್ವರೂಪವನ್ನೇ ಪ್ರಶ್ನಿಸಲೆಂದು ಹುಟ್ಟಿದ ವಿಚಾರವು ಕೇವಲ ಲೆಕ್ಕಪತ್ರದ ಸಾಧನವಾಯಿತೆಂಬುದು ಅವರ ವಿಷಾದ. ತರಗತಿಗಳಲ್ಲಾದರೋ ಆ ಸಾಧನ ಇನ್ನೂ ಬಳಕೆಯಲ್ಲಿದೆ. ಒಂದು ಲೆಕ್ಕದ ನಷ್ಟವನ್ನು ಮತ್ತೊಂದರ ಲಾಭದಿಂದ ತುಂಬಿಕೊಳ್ಳಬಹುದೆಂಬ ಭ್ರಮೆಗೆ ಅದು ಎಡೆಗೊಡುತ್ತದೆ.

ತಮಿಳುನಾಡಿನ ತಿರುಪ್ಪೂರಿನ ಉದಾಹರಣೆಯನ್ನು ನೋಡೋಣ. ಹೆಣೆದ ಹತ್ತಿ ಉಡುಪುಗಳ ರಫ್ತಿನಿಂದ ಆ ಊರು ಸಹಸ್ರಾರು ಕುಟುಂಬಗಳಿಗೆ ಅನ್ನ ನೀಡಿತು. ಹತ್ತಿಗೆ ಬಣ್ಣ ಹಿಡಿಯಲು ಹೇರಳವಾಗಿ ಉಪ್ಪು ಬೇಕು. ಆ ಉಪ್ಪು ನೀರಿನೊಡನೆ ನೊಯ್ಯಲ್ ನದಿಯನ್ನು ಸೇರಿತು. ನೀರಾವರಿಗೆಂದು 1992ರಲ್ಲಿ ಮುಗಿದ ಒರತ್ತುಪಾಳ್ಯಂ ಅಣೆಕಟ್ಟು ಕಲುಷಿತ ನೀರಿನ ತೊಟ್ಟಿಯಾಯಿತು. ನೀರಿಗಾಗಿ ಕಾದಿದ್ದ ರೈತರೇ ಆ ನೀರನ್ನು ಬಿಡಬೇಡಿರೆಂದು ಬೇಡುವಂತಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಒಂದು ಹನಿ ಕೊಳಚೆನೀರನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಂಡ ಬಳಿಕವೇ ಘಟಕಗಳು ಪುನಃ ತೆರೆಯಬೇಕಾಯಿತು.

ಈ ವ್ಯವಸ್ಥೆ ನಿಜವಾಗಿಯೂ ಸಾಧನೆಯೇ. ಬಳಸಿದ ನೀರನ್ನು ಶೋಧಿಸಿ ಮತ್ತೆ ಬಳಸುತ್ತಾರೆ. ಆದರೆ ಉಳಿದ ಉಪ್ಪುನೀರನ್ನು ಆವಿಯಾಗಿಸಲು ಇಂಧನ ಬೇಕು. ಆವಿಯಾದ ಮೇಲೆ ಬಳಸಲಾಗದ ಮಿಶ್ರ ಲವಣ ಉಳಿಯುತ್ತದೆ. ನದಿಯ ಭಾರ ಸ್ವಲ್ಪಮಟ್ಟಿಗೆ ನೆಲಕ್ಕೂ ಗಾಳಿಗೂ ವರ್ಗವಾಯಿತು. ಹೀಗಿರುವಾಗ ಈ ಕಥೆಯನ್ನು ಕೇವಲ ಯಂತ್ರದ ಜಯವೆಂದು ಬೋಧಿಸಿದರೆ ಪಾಠ ಅಪೂರ್ಣವಾಗುತ್ತದೆ. ಒಂದು ಕಿಲೋ ಬಟ್ಟೆಗೆ ಎಷ್ಟು ನೀರು ಉಳಿಯಿತೆಂದು ವಿದ್ಯಾರ್ಥಿ ಲೆಕ್ಕ ಹಾಕುತ್ತಾನೆ. ಆ ನದಿಯ ದಡದಲ್ಲಿ ಒಟ್ಟು ಎಷ್ಟು ಕಿಲೋ ಬಟ್ಟೆಗೆ ಬಣ್ಣ ಹಾಕಬಹುದೆಂದು ಅವನನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಸಮಂತಭದ್ರಾಚಾರ್ಯರು ಕೇಳಿದ್ದಾರೆ. 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅವರು ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತುಗಳನ್ನು ಅವು ಸುಖವಾಗಿ ನಡೆಯುವ ದೂರಕ್ಕಿಂತ ಹೆಚ್ಚು ಓಡಿಸುವುದು, ಹೆಚ್ಚಿನ ಬೆಲೆಯ ಆಸೆಯಿಂದ ಧಾನ್ಯವನ್ನು ಕೂಡಿಡುವುದು, ಮಾರಿದ ಸರಕಿಗೆ ಆಮೇಲೆ ಬೆಲೆ ಏರಿದಾಗ ಪರಿತಪಿಸುವುದು, ಲಾಭ ಬಂದರೂ ತೃಪ್ತಿಯಿಲ್ಲದಿರುವುದು, ಮಿತಿಮೀರಿ ಹೊರೆ ಹೇರುವುದು ಎಂದು ಇವುಗಳನ್ನು ವಿವರಿಸಬಹುದು. ಸಾಗಣೆ, ದಾಸ್ತಾನು, ಹೊರೆ ಇವು ಇಂದಿನ ಉದ್ಯಮ ನಿರ್ವಹಣೆಯ ಅಧ್ಯಾಯಗಳೇ ಅಲ್ಲವೇ? ಇಲ್ಲಿ ಎತ್ತಿನ ಸ್ಥಾನದಲ್ಲಿ ನದಿಯನ್ನೋ ಕಾರ್ಮಿಕನನ್ನೋ ಇಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ.

ಮಿತಿ ಹಾಕಿಕೊಂಡ ಉದ್ಯಮ ಸ್ಪರ್ಧೆಯಲ್ಲಿ ಉಳಿಯದು, ಕೂಲಿಕಾರರು ಬೀದಿಗೆ ಬೀಳುತ್ತಾರೆ ಎಂಬ ಆಕ್ಷೇಪ ಬರಬಹುದು. ಈ ಭಯ ಹುಸಿಯಲ್ಲ. ಆದರೆ 2011ರಲ್ಲಿ ಘಟಕಗಳು ಒಮ್ಮೆಲೇ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಆ ಕೂಲಿಕಾರರೇ. ತಾನಾಗಿ ಸ್ವೀಕರಿಸಿದ ಮಿತಿ ವ್ರತವಾಗುತ್ತದೆ. ಸ್ವೀಕರಿಸದೆ ಉಳಿದ ಮಿತಿ ದಂಡವಾಗಿ ಬರುತ್ತದೆ. ವ್ರತದಲ್ಲಿ ಪ್ರಮಾಣವನ್ನು ಶ್ರಾವಕನೇ ಮುಂಚಿತವಾಗಿ ನಿಶ್ಚಯಿಸುತ್ತಾನಾದ್ದರಿಂದ, ಅವನಿಗೂ ಅವನನ್ನು ಆಶ್ರಯಿಸಿದವರಿಗೂ ಸಿದ್ಧರಾಗಲು ಕಾಲಾವಕಾಶವಿರುತ್ತದೆ.

ಆದ್ದರಿಂದ ವಿದ್ಯಾಸಂಸ್ಥೆಗಳನ್ನು ನಡೆಸುವ ನಮ್ಮ ಟ್ರಸ್ಟುಗಳು, ವಾಣಿಜ್ಯ ವಿದ್ಯಾರ್ಥಿಯು ಉದ್ಯಮದ ನಕ್ಷೆಯನ್ನು ಬರೆಯುವ ಮೊದಲು ಪರಿಮಾಣದ ಒಂದು ಪುಟವನ್ನು ಬರೆಯುವಂತೆ ಏರ್ಪಡಿಸಲಿ. ಎಷ್ಟು ನೀರು, ಎಷ್ಟು ಹೊರೆ, ಎಷ್ಟು ದಾಸ್ತಾನು, ಎಷ್ಟು ಲಾಭ ಸಾಕು ಎಂಬುದನ್ನು ಅವನು ಕಾರಣಸಹಿತ ಹೇಳಲಿ. ಮನೆಯ ಹಿರಿಯರೂ ತಮ್ಮ ವ್ಯಾಪಾರದ ಬಗ್ಗೆ ಅದೇ ಪುಟವನ್ನು ಬರೆದು ಮಕ್ಕಳ ಕೈಗಿತ್ತರೆ, ಮೂರು ಲೆಕ್ಕಗಳಿಗೂ ಅರ್ಥ ಬಂದೀತು.