ವಿಜ್ಞಾನೇಶ್ವರನ ವ್ಯವಹಾರದೃಷ್ಟಿಯೂ ಸಾಲೋಟಗಿಯ ಒಡಂಬಡಿಕೆಯೂ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಹುಟ್ಟಿದುದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಆದರೆ ಅದು ಕೇವಲ ದಾಯಭಾಗದ ಗ್ರಂಥವೆಂದು ಪ್ರಸಿದ್ಧಿ ಪಡೆದುದಕ್ಕೆ ಗ್ರಂಥಕರ್ತನು ಹೊಣೆಯಲ್ಲ. ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದುದು ದಾಯವಿಭಾಗ ಪ್ರಕರಣವೊಂದನ್ನೇ; ನ್ಯಾಯಾಲಯಗಳು ಕೈಗೆತ್ತಿಕೊಂಡುದೂ ಬಹುಮಟ್ಟಿಗೆ ಅದನ್ನೇ. ಸಾಲ, ಪಾಲುಗಾರಿಕೆ, ಸಮೂಹದ ಕಟ್ಟಳೆ ಇವುಗಳನ್ನು ಕುರಿತ ಋಣಾದಾನ, ಸಂಭೂಯಸಮುತ್ಥಾನ, ಸಂವಿದ್ವ್ಯತಿಕ್ರಮ ಪ್ರಕರಣಗಳು, ಎಂದರೆ ಇಂದಿನ ವಾಣಿಜ್ಯ ನ್ಯಾಯಕ್ಕೆ ಸಮೀಪವಾದ ಭಾಗಗಳೆಲ್ಲವೂ, ಪಂಡಿತರ ಪೆಟ್ಟಿಗೆಯಲ್ಲಿಯೇ ಉಳಿದವು. ವಿಜ್ಞಾನೇಶ್ವರನ ವ್ಯಾಖ್ಯಾನರೀತಿಯ ಮೂಲತತ್ತ್ವವು ಪ್ರಕಾಶಕ್ಕೆ ಬರುವುದು ಈ ಭಾಗಗಳನ್ನು ಕೂಡಿಸಿ ಓದಿದಾಗಲೇ.

ಆ ತತ್ತ್ವದ ಬೀಜವು ದಾಯಪ್ರಕರಣದ ಪ್ರಾರಂಭದಲ್ಲಿಯೇ ಇದೆ. ಸ್ವತ್ವವೆಂಬುದು ಶಾಸ್ತ್ರದಿಂದಲೇ ತಿಳಿಯತಕ್ಕುದೋ ಅಥವಾ ಲೌಕಿಕವೋ ಎಂಬ ಪ್ರಶ್ನೆಯನ್ನೆತ್ತಿಕೊಂಡು, ಮೀಮಾಂಸೆಯ ಲಿಪ್ಸಾಧಿಕರಣವನ್ನೂ ಬೆಂಬಲಕ್ಕಿಟ್ಟುಕೊಂಡು, ಅದು ಲೌಕಿಕವೆಂದೇ ಆತನು ನಿರ್ಣಯಿಸುತ್ತಾನೆ. ಅದಕ್ಕೆ ಕೊಡುವ ಕಾರಣಗಳಲ್ಲೊಂದು ಬಹು ಸ್ವಾರಸ್ಯವಾದುದು. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರಲ್ಲಿಯೂ ‘ಇದು ನನ್ನದು, ಅದು ನಿನ್ನದು’ ಎಂಬ ವ್ಯವಹಾರವುಂಟು; ಏಕೆಂದರೆ ಅವರಲ್ಲಿಯೂ ಕೊಳ್ಳುವಿಕೆ ಮಾರುವಿಕೆಗಳು ನಡೆಯುತ್ತವೆ. ಧರ್ಮಶಾಸ್ತ್ರದ ವ್ಯಾಖ್ಯಾನಕಾರನೊಬ್ಬನು ಸ್ವತ್ವಕ್ಕೆ ಸಂತೆಯನ್ನು ಸಾಕ್ಷಿಯಾಗಿ ಕರೆದುದು ಸಾಮಾನ್ಯವಾದ ಸಂಗತಿಯಲ್ಲ. ಇದರ ಫಲವೂ ಪ್ರತ್ಯಕ್ಷವಾಗಿಯೇ ಇದೆ. ಸ್ವತ್ವವು ಶಾಸ್ತ್ರೈಕಗಮ್ಯವಾದರೆ ನಿಂದಿತ ಮಾರ್ಗದಿಂದ ಗಳಿಸಿದ ಹಣದಲ್ಲಿ ಸ್ವತ್ವವೇ ಹುಟ್ಟದು, ಮಕ್ಕಳಿಗೆ ಅದು ಪಾಲಾಗದು. ಲೌಕಿಕವಾದರೆ ಹಣವು ಗಳಿಸಿದವನದೇ. ದೋಷವೂ ಪ್ರಾಯಶ್ಚಿತ್ತವೂ ಅವನಿಗೆ, ಪಾಲು ಮಕ್ಕಳಿಗೆ. ಪಾಪಪುಣ್ಯಗಳ ವಿಚಾರವನ್ನೂ ಒಡೆತನದ ವಿಚಾರವನ್ನೂ ಇಷ್ಟು ಸ್ವಚ್ಛವಾಗಿ ಬೇರ್ಪಡಿಸಿದ ಗದ್ಯವು ಸಂಸ್ಕೃತದಲ್ಲಿ ವಿರಳವೆನ್ನಬೇಕು.

ಇದೇ ದೃಷ್ಟಿಯು ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ ಮುಂದುವರಿಯುತ್ತದೆ. ಸಮೂಹವು ತನ್ನೊಳಗೆ ಮಾಡಿಕೊಂಡ ಸಮಯವು ಸ್ವಧರ್ಮಕ್ಕೆ ವಿರೋಧವಾಗದಿದ್ದಲ್ಲಿ ಅದನ್ನು ಯತ್ನಪೂರ್ವಕವಾಗಿ ಪಾಲಿಸತಕ್ಕುದೆಂಬುದು ಮೂಲದ ವಿಧಿ. ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳಾದರೋ ದನಗಳ ಹುಲ್ಲುಗಾವಲು, ನೀರಿನ ರಕ್ಷಣೆ, ದೇವಾಲಯದ ಪಾಲನೆ ಇವು. ಊರಿನಲ್ಲಿ ಬಾಳಿದವನಿಗೇ ಹೊಳೆಯುವಂತಹ ಉದಾಹರಣೆಗಳಿವು.

ಇಂತಹ ಸಮಯವು ಕಾರ್ಯತಃ ಹೇಗಿರುತ್ತಿತ್ತೆಂಬುದನ್ನು ಅರಿಯಲು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿಗೇ ಬರಬೇಕು. ಅಲ್ಲಿಯ ಸಾಲೋಟಗಿಯ ಕಂಬದ ಶಾಸನವು ಶಕ 867, ಎಂದರೆ ಕ್ರಿ. ಶ. 945ರದು, ಮಿತಾಕ್ಷರೆಗಿಂತ ನೂರು ವರ್ಷಗಳಿಗೂ ಮಿಗಿಲಾಗಿ ಹಿಂದಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಂದು ಪಾವಿಟ್ಟಗೆಯೆನಿಸಿದ್ದ ಆ ಊರಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳೂ ದೀಪಕ್ಕೆಂದು ಭೂಮಿಯೂ ದತ್ತವಾದವು. ನ್ಯಾಯದೃಷ್ಟಿಯಿಂದ ದಾನಕ್ಕಿಂತ ಮಹತ್ತ್ವದ್ದು ಊರಿನ ಬ್ರಾಹ್ಮಣರು ಒಪ್ಪಿಕೊಂಡ ವಂತಿಗೆ: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ. ಇಲ್ಲಿ ದಾತೃವೊಬ್ಬನ ಔದಾರ್ಯವಷ್ಟೇ ಅಲ್ಲ, ಸಮೂಹವು ತನ್ನನ್ನೇ ಕಟ್ಟಿಕೊಂಡ ಕಟ್ಟು ಇದೆ. ಒಡಂಬಟ್ಟವರು ಗತಿಸಿದರೂ ಕಟ್ಟು ಗತಿಸದೆಂಬ ಭಾವನೆಯಿದೆ. ವಿಜ್ಞಾನೇಶ್ವರನು ಈ ಕಂಬವನ್ನು ಕಂಡಿದ್ದನೆಂದು ಸಾಧಿಸಬೇಕಾದುದಿಲ್ಲ. ಆತನು ವ್ಯಾಖ್ಯಾನಿಸಿದ ವಸ್ತುವು ಪುಸ್ತಕದಲ್ಲಿ ಮಾತ್ರವೇ ಇದ್ದುದಲ್ಲವೆಂಬುದಕ್ಕೆ ಇಷ್ಟು ಸಾಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲವು ರಾಷ್ಟ್ರಕೂಟರ ತರುವಾಯ ಕಲ್ಯಾಣದ ಅರಸರಿಗೇ ಸೇರಿತಷ್ಟೆ.

ಸಂಭೂಯಸಮುತ್ಥಾನದಲ್ಲಿ ಪಾಲುಗಾರರು ಹೂಡಿದ ದ್ರವ್ಯಕ್ಕೆ ಅನುಗುಣವಾಗಿ, ಇಲ್ಲವೇ ಒಪ್ಪಂದವಾದಂತೆ, ಲಾಭನಷ್ಟಗಳನ್ನು ಹೊರತಕ್ಕುದು. ಅಜಾಗ್ರತೆಯಿಂದ ಕೆಡಿಸಿದವನು ತುಂಬಿಕೊಡಬೇಕು. ವಿಪತ್ತಿನಿಂದ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಭಾಗ. ಒಪ್ಪಂದವಿಲ್ಲದಲ್ಲಿ 1932ರ ಪಾಲುದಾರಿಕೆಯ ಕಾಯಿದೆಯು ಸಮಪಾಲನ್ನು ವಿಧಿಸುತ್ತದೆ. ಸ್ಮೃತಿಯು ಹೂಡಿದ ಹಣವನ್ನು ನೋಡುತ್ತದೆ. ಎರಡರಲ್ಲಿಯೂ ಒಪ್ಪಂದಕ್ಕೆ ಸ್ಥಾನವಿದ್ದರೂ ಮೌನಕ್ಕೆ ಅರ್ಥ ಹಚ್ಚುವಲ್ಲಿ ಎರಡು ನ್ಯಾಯಗಳೂ ಅಗಲುತ್ತವೆ. ಈ ಪ್ರಕರಣದ ವಿಧಿಯೇ ಋತ್ವಿಜರಿಗೂ ಒಕ್ಕಲಿಗರಿಗೂ ಕುಶಲಕರ್ಮಿಗಳಿಗೂ ಅನ್ವಯಿಸುವುದೆಂಬುದನ್ನು ಮರೆಯಲಾಗದು.

ಋಣಾದಾನದಲ್ಲಿ ಮಾತ್ರ ವ್ಯಾಖ್ಯಾನಕಾರನ ಕೈ ಬಿಗಿಯಾಯಿತೆನ್ನಬೇಕಾಗುತ್ತದೆ. ಅಡವಿಲ್ಲದ ಸಾಲಕ್ಕೆ ವರ್ಣಾನುಕ್ರಮದಿಂದ ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ಬಡ್ಡಿಯನ್ನು ಹೇಳಿದ ಸ್ಮೃತಿಯೇ ಮುಂದೆ, ಅಥವಾ ಎಲ್ಲರೂ ತಾವೊಪ್ಪಿದ ಬಡ್ಡಿಯನ್ನೇ ಕೊಡಲಿ ಎನ್ನುತ್ತದೆ. ಈ ‘ಅಥವಾ’ ಎಂಬೊಂದು ಮಾತಿನಲ್ಲಿ ಜಾತಿಗೂ ಒಪ್ಪಂದಕ್ಕೂ ನಡುವಣ ವಿವಾದವೇ ಅಡಗಿದೆ. ಸ್ವತ್ವದ ಪ್ರಶ್ನೆಗೆ ಪುಟಗಟ್ಟಲೆ ವಾದಿಸಿದವನು ಇಲ್ಲಿ ಪದಾರ್ಥವನ್ನು ಬಿಡಿಸಿ ಮುಂದೆ ಸಾಗಿದನು. ಲೋಕವನ್ನು ಸಾಕ್ಷಿಗೆ ಕರೆಯಲು ಇದಕ್ಕಿಂತ ತಕ್ಕ ಸ್ಥಳವಿರಲಿಲ್ಲ.

ಪಾಶ್ಚಾತ್ಯರಲ್ಲಿ ನ್ಯಾಯವೆಂಬುದು ಪ್ರಭುವಿನ ಆಜ್ಞೆಯೆಂದು ಆಸ್ಟಿನನೂ, ಜನಜೀವನದಿಂದ ಬೆಳೆದುದೆಂದು ಸ್ಯಾವಿನ್ಯಿಯೂ 19ನೆಯ ಶತಮಾನದ ಪೂರ್ವಾರ್ಧದಲ್ಲಿ ವಾದಿಸಿದರು. ಪ್ರಿವಿ ಕೌನ್ಸಿಲಿನವರು 1868ರಲ್ಲಿ ಮಧುರೆಯ ಕಲೆಕ್ಟರರ ವ್ಯಾಜ್ಯವನ್ನು ತೀರ್ಮಾನಿಸುತ್ತ, ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಲಿಖಿತವಚನಕ್ಕಿಂತ ಬಲವತ್ತರವೆಂದರು. ಆದರೆ ರೂಢಿಯನ್ನು ಸಿದ್ಧಪಡಿಸುವ ಭಾರವು ರೂಢಿಯಲ್ಲಿ ಬಾಳುವವನ ಮೇಲೆಯೇ ಬಿದ್ದಿತು. ವಚನವಾದರೋ ಅಚ್ಚಾಗಿ ನ್ಯಾಯಾಧೀಶರ ಮೇಜಿನ ಮೇಲೆ ಸಿದ್ಧವಾಗಿತ್ತು. 1872ರ ಕರಾರು ಕಾಯಿದೆಯು ಬಂದ ಮೇಲೆಯೂ ಮುಂಬಯಿ ಪ್ರಾಂತದಲ್ಲಿ, ಅದಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿಯೂ, ಬಡ್ಡಿಯ ಬಾಕಿಯು ಅಸಲನ್ನು ಮೀರದೆಂಬ ದಾಮದುಪ್ಪಟ್ಟಿನ ನ್ಯಾಯವು ಉಳಿದುಕೊಂಡಿತು. ಬಂಗಾರಕ್ಕೆ ಎರಡು ಪಟ್ಟು, ಧಾನ್ಯಕ್ಕೆ ಮೂರು, ಬಟ್ಟೆಗೆ ನಾಲ್ಕು ಎಂದು ವೃದ್ಧಿಗೆ ಎಲ್ಲೆಯನ್ನು ಕಟ್ಟಿದ ಋಣಾದಾನ ಪ್ರಕರಣದಲ್ಲಿಯೇ ಅದರ ಬೇರಿರುವುದು.